ಕೊಟ್ಟಿಗೆ ಬರಿದಾದಾಗಲೂ

ಬೈಬಲಿನ ಹಳೆಯ ಒಡಂಬಡಿಕೆಯ ಕೊನೆಯ ಪುಟಗಳಲ್ಲಿ, ಹನ್ನೆರಡು ಮಂದಿ ಕಿರಿಯ ಪ್ರವಾದಿಗಳ ಸಾಲಿನಲ್ಲಿ, ಹಬಕ್ಕೂಕನದೊಂದು ಪುಟ್ಟ ಗ್ರಂಥವಿದೆ. ಸಾವು, ಸಾಲ, ಕಾಯಿಲೆಗಳ ಹೊತ್ತಿನಲ್ಲಿ ಕ್ರೈಸ್ತರು ಒಬ್ಬರಿಗೊಬ್ಬರು ನೆನಪಿಸಿಕೊಡುವ ಮಾತುಗಳಲ್ಲಿ ಅದರ ಮೂರನೆಯ ಅಧ್ಯಾಯದ 17 ಮತ್ತು 18ನೆಯ ವಚನಗಳೂ ಸೇರಿವೆ. ಅವುಗಳ ತಾತ್ಪರ್ಯ ಇಷ್ಟು: ಅಂಜೂರ ಹೂ ಬಿಡದೆ ಹೋಗಲಿ, ದ್ರಾಕ್ಷಿಬಳ್ಳಿ ಬರಿದಾಗಿರಲಿ, ಎಣ್ಣೆಮರದ (ಆಲಿವ್) ಫಸಲು ಕೈಕೊಡಲಿ, ಹೊಲ ಅನ್ನ ಕೊಡದಿರಲಿ, ಹಟ್ಟಿಯಲ್ಲಿ ಕುರಿಯಾಗಲಿ ಕೊಟ್ಟಿಗೆಯಲ್ಲಿ ದನವಾಗಲಿ ಇಲ್ಲದೆ ಹೋಗಲಿ, ನನ್ನನ್ನು ಕಾಯುವ ದೇವರಲ್ಲಿ ನನ್ನ ಸಂತೋಷ ಇದ್ದೇ ಇರುತ್ತದೆ. ಕೇಳಿದೊಡನೆ ಹಿತವೆನಿಸುವ ಮಾತು. ಆ ಹಿತದಲ್ಲೇ ಒಂದು ಅಪಾಯವಿದೆ. ಸಂತೋಷದ ಅರ್ಧವನ್ನಷ್ಟೇ ಎತ್ತಿಕೊಂಡು ನಷ್ಟದ ಅರ್ಧವನ್ನು ಬೇಗ ದಾಟಿಬಿಡುವ ಓದು ಈ ವಚನಕ್ಕೆ ಹೆಚ್ಚಾಗಿ ದೊರೆತಿದೆ. ಹೋದದ್ದೆಲ್ಲ ತಿರುಗಿ ಬರುತ್ತದೆ ಎಂಬ ಭರವಸೆ ಈ ಮಾತಿನ ಬೇರಲ್ಲ. ದೇವರ ಮುಂದೆ ತನ್ನ ದೂರನ್ನು ಪೂರ್ತಿಯಾಗಿ ಹೇಳಿಕೊಂಡ ನಂಬಿಕೆಯೊಂದು, ಆ ಬಳಿಕ, ಫಸಲಿನ ಲೆಕ್ಕಕ್ಕೆ ತನ್ನನ್ನು ಕಟ್ಟಿಹಾಕಿಕೊಳ್ಳದೆ ನಿಲ್ಲುತ್ತದೆ. ಕಷ್ಟದಲ್ಲಿ ಕ್ರೈಸ್ತ ವಿಶ್ವಾಸ ಮನುಷ್ಯನನ್ನು ಹಿಡಿದು ನಿಲ್ಲಿಸುವುದು ಈ ಬಗೆಯಲ್ಲಿ ಎಂಬುದೇ ಈ ವ್ಯಾಖ್ಯಾನದ ವಾದ.

ಮೊದಲು ನಷ್ಟದ ಪಟ್ಟಿಯನ್ನು ನಿಧಾನವಾಗಿ ನೋಡಬೇಕು. ಯೆಹೂದದ ಗುಡ್ಡಗಾಡಿನ ರೈತನ ಬದುಕು ಅಷ್ಟರಲ್ಲಿ ಅಡಗಿತ್ತು. ಅಂಜೂರ ಬೇಸಗೆಯ ಸಿಹಿ, ಒಣಗಿಸಿಟ್ಟರೆ ವರ್ಷದ ತಿನಿಸು. ದ್ರಾಕ್ಷಿ ಕುಡಿಯಲೂ ಆಯಿತು, ಮಾರಲೂ ಆಯಿತು. ಎಣ್ಣೆಮರವಿಲ್ಲದೆ ದೀಪವಿಲ್ಲ, ಅಡುಗೆಯಿಲ್ಲ, ಗಾಯಕ್ಕೆ ಹಚ್ಚುವ ಮದ್ದಿಲ್ಲ. ಹೊಲದಿಂದ ಗೋದಿ, ಜವೆ. ಕುರಿಯಿಂದ ಹಾಲು, ಉಣ್ಣೆ, ದೇವಾಲಯಕ್ಕೆ ಒಪ್ಪಿಸುವ ಬಲಿ. ಕೊನೆಗೆ ದನ, ಎಂದರೆ ನೇಗಿಲು. ಪಟ್ಟಿ ಹೇಗೆ ಇಳಿಯುತ್ತದೆ ಗಮನಿಸಿ: ಇಲ್ಲದಿದ್ದರೂ ಹೇಗೋ ನಡೆಯುತ್ತದೆ ಎನ್ನಬಹುದಾದ ಹಣ್ಣಿನಿಂದ ಹೊರಟು, ಅದಿಲ್ಲದಿದ್ದರೆ ಬರುವ ವರ್ಷದ ಬಿತ್ತನೆಯೂ ಇಲ್ಲ ಎನ್ನುವ ಎತ್ತಿನವರೆಗೆ ಬರುತ್ತದೆ. ಈ ವರ್ಷದ ಅನ್ನ ಹೋದದ್ದು ಒಂದು ಕಷ್ಟ. ನಾಳೆಯ ಅನ್ನಕ್ಕೆ ಇದ್ದ ದಾರಿಯೇ ಮುಚ್ಚಿಹೋದದ್ದು ಮತ್ತೊಂದು. ಕನ್ನಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಬರದಲ್ಲಿ ಮಳೆ ಹೋಯಿತು, ಬಿತ್ತನೆಯ ಕಾಳು ಹೊಟ್ಟೆಗೆ ಹೋಯಿತು, ಆಮೇಲೆ ದನ ಹೋದವು, ಆಮೇಲೆ ಜನ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹಬಕ್ಕೂಕನ ಮಾತು ಕನ್ನಡಕ್ಕೆ ಬಂದದ್ದೂ ಬರದ ಸೀಮೆಯಿಂದಲೇ. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ಬರಿದಾದ ಕೊಟ್ಟಿಗೆ ಎಂದರೇನು ಎಂಬುದಕ್ಕೆ ಬಳ್ಳಾರಿಯ ಓದುಗನಿಗೆ ಅಡಿಟಿಪ್ಪಣಿ ಬೇಕಾಗಿರಲಾರದು.

ಆದರೆ ಹಬಕ್ಕೂಕನ ಕಣ್ಣೆದುರು ಇದ್ದದ್ದು ಬರಿಯ ಮಳೆಯ ಅಭಾವವಲ್ಲ. ಕ್ರಿಸ್ತಪೂರ್ವ ಏಳನೆಯ ಶತಮಾನ ಮುಗಿಯುತ್ತಿದ್ದ ಕಾಲ ಅದು. ಅವನ ಗ್ರಂಥ ಕಸ್ದೀಯರು ಎಂದು ಕರೆಯುವ ಬಾಬಿಲೋನಿಯರು ಎದ್ದು ಬರುತ್ತಿದ್ದರು. ಕ್ರಿಸ್ತಪೂರ್ವ 605ರ ಕರ್ಕೆಮೀಷ್ ಕಾಳಗದಲ್ಲಿ ಐಗುಪ್ತದ ಸೈನ್ಯ ಮುರಿದುಬಿದ್ದ ಮೇಲೆ ಅವರನ್ನು ತಡೆಯುವವರು ಉಳಿಯಲಿಲ್ಲ. ಎರಡು ದಶಕ ತುಂಬುವುದರೊಳಗೆ ಯೆರೂಸಲೇಮಿನ ದೇವಾಲಯ ಬೂದಿಯಾಯಿತು. ಹಳೆಯ ಕಾಲದ ಯುದ್ಧದಲ್ಲಿ ಮೊದಲು ಬೀಳುತ್ತಿದ್ದದ್ದು ಮರಗಳು. ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಹಣ್ಣಿನ ಮರಗಳನ್ನು ಕಡಿಯಬಾರದು ಎಂದು ಧರ್ಮೋಪದೇಶಕಾಂಡದ 20ನೆಯ ಅಧ್ಯಾಯ ಕಟ್ಟಪ್ಪಣೆ ಮಾಡುತ್ತದೆ. ಲೋಕವೆಲ್ಲ ಕಡಿಯುತ್ತಿದ್ದದ್ದರಿಂದಲೇ ಅಂಥದೊಂದು ಅಪ್ಪಣೆ ಬೇಕಾಯಿತು. ಎಣ್ಣೆಮರ ನೆಟ್ಟರೆ ಫಲ ಕೊಡಲು ವರ್ಷಗಳೇ ಬೇಕು, ಹೀಗಾಗಿ ಅದನ್ನು ಕಡಿದವನು ಮುಂದಿನ ತಲೆಮಾರಿನ ಬದುಕಿಗೂ ಕೈಹಾಕಿದಂತೆ. ಪ್ರವಾದಿಯ ಪಟ್ಟಿ ದಂಡು ಹಾದುಹೋದ ನೆಲದ ಪಟ್ಟಿಯೂ ಆಗಿರುವ ಸಾಧ್ಯತೆ ಬಲವಾಗಿದೆ. ಅವನು ಹೆದರಿದ್ದು ನಡೆದೇ ನಡೆಯಿತು. ಹೀಗಾಗಿ ಇದು ಸುರಕ್ಷಿತವಾಗಿ ಕೂತವನೊಬ್ಬ ಕಲ್ಪಿಸಿಕೊಂಡ ಕಷ್ಟವಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ: ಮರಗಳು ಮತ್ತೆ ಚಿಗುರಿದವು, ಕೊಟ್ಟಿಗೆ ತುಂಬಿತು ಎಂದು ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಪಟ್ಟಿ ಹಾಗೆಯೇ ಉಳಿಯುತ್ತದೆ, ಹಾಡು ಮುಗಿಯುತ್ತದೆ.

ಈ ಹಾಡಿಗೆ ಅವನು ಬಂದ ದಾರಿ ಯಾವುದು? ಬಹಳ ಮಂದಿ ಓದದೆ ಬಿಡುವ ಭಾಗ ಅದೇ. ಗ್ರಂಥ ತೆರೆದುಕೊಳ್ಳುವುದು ಸ್ತುತಿಯಿಂದಲ್ಲ, ದೂರಿನಿಂದ. ಎಷ್ಟು ಕಾಲ ಕೂಗಿದರೂ ನೀನು ಕೇಳಿಸಿಕೊಳ್ಳುವುದಿಲ್ಲವೇಕೆ, ಅನ್ಯಾಯವನ್ನು ನನ್ನ ಕಣ್ಣೆದುರು ಇಟ್ಟು ನೀನು ಸುಮ್ಮನಿರುವುದೇಕೆ ಎಂದು ಪ್ರವಾದಿ ದೇವರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಸಿಕ್ಕ ಉತ್ತರ ಸಮಾಧಾನ ತರುವಂಥದಲ್ಲ: ಇನ್ನೂ ಕ್ರೂರರಾದ ಕಸ್ದೀಯರನ್ನು ಎಬ್ಬಿಸುತ್ತಿದ್ದೇನೆ ಎನ್ನುತ್ತಾನೆ ದೇವರು. ಪ್ರವಾದಿ ಅದಕ್ಕೂ ಎದುರಾಡುತ್ತಾನೆ. ಕೆಟ್ಟವನು ತನಗಿಂತ ಒಳ್ಳೆಯವನನ್ನು ನುಂಗುವಾಗ ನೀನು ನೋಡುತ್ತ ಇರುವುದು ಹೇಗೆ ಎಂದು ಕೇಳಿ, ಉತ್ತರ ಬರುವವರೆಗೂ ಕಾವಲುಗೋಪುರ ಬಿಟ್ಟು ಇಳಿಯುವುದಿಲ್ಲ ಎಂದು ನಿಲ್ಲುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಬರುವ ಉತ್ತರ ತಡವಾದರೂ ಕಾದಿರು ಎನ್ನುತ್ತದೆ. ನೀತಿವಂತನು ಬದುಕುವುದು ನಂಬಿಕೆಯಿಂದ ಎಂಬ ಮಾತು ಬರುವುದೂ ಅಲ್ಲಿಯೇ. ಹೊಸ ಒಡಂಬಡಿಕೆಯ ರೋಮಾಪುರದವರಿಗೆ, ಗಲಾತ್ಯದವರಿಗೆ, ಇಬ್ರಿಯರಿಗೆ ಬರೆದ ಮೂರು ಪತ್ರಿಕೆಗಳು ಈ ಮಾತನ್ನು ಎತ್ತಿಕೊಂಡಿವೆ, ಚರ್ಚಿನಲ್ಲಿ ಲೂಥರನು ತಂದ ಸುಧಾರಣೆಗೂ ಅದು ಬುನಾದಿಯಾಯಿತು. ಇಷ್ಟೆಲ್ಲ ಆದ ಮೇಲೆ, ಅಂಜೂರದ ವಚನಕ್ಕೆ ನೇರ ಹಿಂದಿನ ವಚನದಲ್ಲಿ, ತನ್ನ ತುಟಿ ಅದುರುತ್ತಿದೆ, ಎಲುಬು ಸವೆಯುತ್ತಿದೆ, ಕಾಲು ನಡುಗುತ್ತಿದೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ನಡುಗುವ ಕಾಲಿನ ಮೇಲೆ ನಿಂತೇ ಮುಂದಿನ ಮಾತು ಬಂದಿದೆ. ಸ್ಥಿರತೆ ಎಂದರೆ ನಡುಕವಿಲ್ಲದಿರುವುದು ಎಂದು ತಿಳಿದವರು ಈ ಒಂದು ವಚನವನ್ನಾದರೂ ಬಿಡದೆ ಓದಬೇಕು.

ದೂರು ಅವಿಶ್ವಾಸದ ಗುರುತು, ನಿಜವಾದ ಭಕ್ತ ಸಹಿಸಿಕೊಂಡು ಸುಮ್ಮನಿರುತ್ತಾನೆ ಎಂಬ ಆಕ್ಷೇಪ ಇಲ್ಲಿ ಏಳಬಹುದು. ಬೈಬಲೇ ಅದನ್ನು ಒಪ್ಪುವುದಿಲ್ಲ. ಕೀರ್ತನೆಗಳ ಗ್ರಂಥದ 150ರಲ್ಲಿ ದೊಡ್ಡದೊಂದು ಪಾಲು ಪ್ರಲಾಪ. ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಅವನ ಪಕ್ಕದಲ್ಲಿ ಮಾತಿಲ್ಲದೆ ಕೂತಷ್ಟು ಕಾಲ ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದು ದೇವರ ಪರವಾಗಿ ವಕಾಲತ್ತು ಆರಂಭಿಸಿದ ಮೇಲೆ ಕೆಟ್ಟರು. ಯೋಬನ ಗ್ರಂಥದ ಕೊನೆಗೆ ದೇವರು, ಯೋಬನಾಡಿದಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಆಡಲಿಲ್ಲ ಎಂದು ಗದರುವುದು ಅವರನ್ನು, ಗೊಣಗಿದ ಯೋಬನನ್ನಲ್ಲ. ಇಂದಿನ ಸಂಶೋಧನೆಯೂ ಇದಕ್ಕೆ ಹತ್ತಿರದ ಸಾಕ್ಷ್ಯ ನೀಡುತ್ತದೆ, ಆದರೆ ಅದನ್ನು ಎಚ್ಚರದಿಂದ ಓದಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ್ದ, 55 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸುಮಾರು 600 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ನನ್ನನ್ನು ಕೈಬಿಟ್ಟಿದ್ದಾನೆ, ಅವನಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂಬ ಭಾವನೆಯಿದ್ದವರಲ್ಲಿ ಸಾವಿನ ಸಂಭವ ಹೆಚ್ಚಿತ್ತು. ನಂಬಿಕೆ ಎಂದೊಡನೆ ಅದು ಒಳ್ಳೆಯದೇ ಮಾಡುತ್ತದೆ ಎನ್ನುವಂತಿಲ್ಲ. ಯಾವ ಬಗೆಯ ನಂಬಿಕೆ ಎಂಬುದು ಮುಖ್ಯ. ಹಾಗಾದರೆ ಹಬಕ್ಕೂಕನ ದೂರೂ ಅಪಾಯಕಾರಿಯೇ? ಅದೇ ತಂಡ 2004ರಲ್ಲಿ ಪ್ರಕಟಿಸಿದ ಮುಂದುವರಿಕೆ ಇದಕ್ಕೆ ಉತ್ತರದ ದಾರಿ ತೋರುತ್ತದೆ: ಹೆಚ್ಚು ಕುಸಿದವರು ದೇವರೊಡನೆಯ ಈ ಒಳಹೋರಾಟದಲ್ಲೇ ಸಿಕ್ಕಿಕೊಂಡು ಉಳಿದವರು. ದೇವರ ಬೆನ್ನ ಹಿಂದೆ ಆಡಿಕೊಳ್ಳುವ ಮಾತು ಒಳಗೇ ಹುಳಿಯುತ್ತದೆ. ಹಬಕ್ಕೂಕನಂತೆ ಅವನ ಮುಖಕ್ಕೇ ಆಡಿದ ದೂರಿಗೆ ಕೇಳುವವನೊಬ್ಬನಿದ್ದಾನೆ, ಆದ್ದರಿಂದ ಅದಕ್ಕೆ ಮುಂದೆ ಚಲಿಸಲು ಎಡೆಯಿದೆ. ಈ ಕೊನೆಯ ಮಾತು ಅಧ್ಯಯನದ್ದಲ್ಲ, ನನ್ನ ಓದಿನದು.

ವಚನಕ್ಕೆ ದೊಡ್ಡ ಅಪಚಾರ ನಡೆಯುವುದು ನಾಸ್ತಿಕರಿಂದಲ್ಲ, ಕ್ರೈಸ್ತರೊಳಗಿನವರಿಂದಲೇ. ನಂಬಿದರೆ ಸಾಲ ತೀರುತ್ತದೆ, ಕಾಣಿಕೆ ಕೊಟ್ಟರೆ ಇಮ್ಮಡಿಯಾಗಿ ಬರುತ್ತದೆ, ಬರದಿದ್ದರೆ ನಿನ್ನ ನಂಬಿಕೆಯಲ್ಲೇ ಕೊರತೆಯಿದೆ ಎನ್ನುವ ಬೋಧನೆ ಇಂದು ಜಗತ್ತಿನ ಹಲವು ಖಂಡಗಳಲ್ಲಿ ಸಭಾಂಗಣ ತುಂಬಿಸುತ್ತಿದೆ. ನಿಮ್ಮ ಮೇಲಿನ ನನ್ನ ಯೋಜನೆಗಳು ಒಳ್ಳೆಯವು ಎಂಬ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ ಮಾತು ಕ್ಯಾಲೆಂಡರುಗಳ ಮೇಲೆ ಅಚ್ಚಾಗಿ ಬರುತ್ತದೆ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ ಎಂಬುದಾಗಲಿ, ಅದರ ಹಿಂದಿನ ವಚನ 70 ವರ್ಷ ಕಾಯಬೇಕೆಂದು ಹೇಳುತ್ತದೆ ಎಂಬುದಾಗಲಿ ಅಚ್ಚಾಗುವುದಿಲ್ಲ. 70 ವರ್ಷ ಎಂದರೆ, ಆ ಪತ್ರವನ್ನು ಕೈಯಲ್ಲಿ ಹಿಡಿದ ಬಹುಪಾಲು ಮಂದಿ ಊರಿಗೆ ಮರಳದೆಯೇ ಸಾಯುತ್ತಾರೆ ಎಂದರ್ಥ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಅಪೊಸ್ತಲ ಪೌಲನ ಮಾತೂ ಹಾಗೆಯೇ. ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಅದು. ಅದಕ್ಕೆ ಮುಂಚೆ ಅವನು ಹಸಿದಿರಲೂ ಗೊತ್ತು, ಹೊಟ್ಟೆತುಂಬ ಉಂಡಿರಲೂ ಗೊತ್ತು ಎನ್ನುತ್ತಾನೆ. ಗೆಲ್ಲುತ್ತೇನೆ ಎಂಬ ಘೋಷಣೆಯಲ್ಲ, ಹಸಿವೆಯಲ್ಲೂ ಕೆಡದೆ ಉಳಿಯುತ್ತೇನೆ ಎಂಬ ಮಾತು. ಬೆಳೆಗೆ ಕಟ್ಟಿದ ನಂಬಿಕೆ ಬೆಳೆಯೊಡನೆಯೇ ಒಣಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಗುವನ್ನು ಕಳೆದುಕೊಂಡ ತಾಯಿಗೆ ನಿನ್ನ ಪ್ರಾರ್ಥನೆ ಸಾಲದಾಯಿತು ಎಂಬ ಎರಡನೆಯ ಹೊರೆಯನ್ನೂ ಅದು ಹೊರಿಸುತ್ತದೆ. ಇದನ್ನು ಸುವಾರ್ತೆ ಎನ್ನಲು ನನಗೆ ಸಾಧ್ಯವಿಲ್ಲ.

ಸಂಕಟ ಬಂದಾಗ ವೆಂಕಟರಮಣ ಎಂಬ ನಮ್ಮ ಗಾದೆ ಇದೇ ರೋಗವನ್ನು ಇನ್ನೊಂದು ತುದಿಯಿಂದ ಹಿಡಿಯುತ್ತದೆ. ಗಾದೆಯ ಟೀಕೆ ದೇವರ ಮೇಲಲ್ಲ, ಉಳಿದ ದಿನ ಅವನನ್ನು ಮರೆತವರ ಮೇಲೆ. ಕಷ್ಟಕ್ಕೆ ಮಾತ್ರ ನೆನಪಾಗುವ ದೇವರು ಕಷ್ಟ ಕಳೆದೊಡನೆ ಮರೆತುಹೋಗುತ್ತಾನೆ, ಕಷ್ಟ ಕಳೆಯದಿದ್ದರೆ ಬೇಡವಾಗುತ್ತಾನೆ. ಇದನ್ನು ಆಧುನಿಕ ಕಾಲದಲ್ಲಿ ಹರಿತವಾಗಿ ಕಂಡವನು ಜರ್ಮನಿಯ ಲೂಥರನ್ ಬೋಧಕ ಡೀಟ್ರಿಕ್ ಬಾನ್‌ಹಾಫರ್. ಹಿಟ್ಲರನ ವಿರುದ್ಧ ಕೆಲಸಮಾಡಿದ ಅವನನ್ನು 1943ರ ಏಪ್ರಿಲ್ 5ರಂದು ಬಂಧಿಸಿದರು. ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ 1944ರ ಏಪ್ರಿಲ್ 30ರಂದು ಗೆಳೆಯ ಎಬರ್‌ಹಾರ್ಡ್ ಬೆತ್ಗೆಗೆ ಬರೆದ ಪತ್ರದಲ್ಲಿ ಅವನ ವಾದ ಇದು: ಮನುಷ್ಯನ ತಿಳಿವಳಿಕೆ, ಬಲ ಸೋತ ಕಡೆ ಮಾತ್ರ ದೇವರನ್ನು ತಂದು ನಿಲ್ಲಿಸುವುದು ತಪ್ಪು, ಬದುಕಿನ ಅಂಚಿನಲ್ಲಲ್ಲ, ನಟ್ಟನಡುವೆ, ಬಲದಲ್ಲಿಯೂ ಸೌಖ್ಯದಲ್ಲಿಯೂ ಅವನ ಮಾತು ಆಡಬೇಕು. ಹೊರಗೆ ಬಾಂಬು ಬೀಳುತ್ತಿದ್ದ ಊರಿನ ಸೆರೆಕೋಣೆಯಿಂದ ಈ ಮಾತು ಬಂದದ್ದು ದೊಡ್ಡದು, ಏಕೆಂದರೆ ಸಂಕಟದ ಹೊತ್ತಿಗಷ್ಟೇ ದೇವರನ್ನು ಹಿಡಿಯಲು ಯಾರಿಗಾದರೂ ನೆಪವಿದ್ದರೆ ಅವನಿಗಿತ್ತು. ಅವನು ಬಿಡುಗಡೆಯಾಗಲಿಲ್ಲ. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಒಂದು ತಿಂಗಳು ಕಳೆಯುವುದರೊಳಗೆ ಯುರೋಪಿನಲ್ಲಿ ಯುದ್ಧ ಮುಗಿಯಿತು.

ಈಗ ಹೊರಗಿನಿಂದ ಬರುವ ಗಟ್ಟಿಯಾದ ಆಕ್ಷೇಪ. ಹೊಲ ಬರಿದಾದರೂ ಸಂತೋಷಪಡು ಎಂದು ಬಡವನಿಗೆ ಕಲಿಸಿದರೆ ಹೊಲವನ್ನು ಬರಿದು ಮಾಡಿದವನಿಗೆ ಅನುಕೂಲವಲ್ಲವೇ? ಧರ್ಮವನ್ನು ಜನರ ಅಫೀಮು ಎಂದು 1844ರಲ್ಲಿ ಮಾರ್ಕ್ಸ್ ಬರೆದದ್ದು ಇದೇ ಅನುಮಾನದಿಂದ. ಆಕ್ಷೇಪವನ್ನು ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಒಡೆಯರ ಪರವಾಗಿ ತಾಳ್ಮೆ ಬೋಧಿಸಿದ ಪಾದ್ರಿಗಳು ಚರಿತ್ರೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರಿಗೆ ಹಬಕ್ಕೂಕನ ಎರಡನೆಯ ಅಧ್ಯಾಯ ಅಡ್ಡ ಬರುತ್ತದೆ. ಅಲ್ಲಿ ಐದು ಧಿಕ್ಕಾರಗಳಿವೆ: ತನ್ನದಲ್ಲದ್ದನ್ನು ಒಟ್ಟುಮಾಡಿಕೊಳ್ಳುವವನಿಗೆ, ಅನ್ಯಾಯದ ಲಾಭದಿಂದ ಮನೆ ಎತ್ತರಿಸುವವನಿಗೆ, ರಕ್ತ ಸುರಿಸಿ ಪಟ್ಟಣ ಕಟ್ಟುವವನಿಗೆ, ನೆರೆಯವನಿಗೆ ಕುಡಿಸಿ ಅವಮಾನ ಮಾಡುವವನಿಗೆ, ತಾನೇ ಕೆತ್ತಿದ್ದಕ್ಕೆ ಶರಣಾಗುವವನಿಗೆ. ಇವನ್ನು ಉಚ್ಚರಿಸಿದ ಬಾಯಿಯೇ ಮೂರನೆಯ ಅಧ್ಯಾಯದಲ್ಲಿ ಹಾಡುತ್ತದೆ. ಒಡೆಯರಿಗೂ ಇದು ತಿಳಿದಿತ್ತು ಎಂಬುದಕ್ಕೆ ಒಂದು ಪುಸ್ತಕವೇ ಸಾಕ್ಷಿ. 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರ ಬಳಕೆಗೆಂದು, ಬೈಬಲಿನ ಆಯ್ದ ಭಾಗಗಳ ಆವೃತ್ತಿಯೊಂದು ಅಚ್ಚಾಯಿತು. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆಯಾದ ಕಥೆ ಅದರಲ್ಲಿ ಇಲ್ಲ. ಬೈಬಲ್ ಬರಿಯ ಅಫೀಮಾಗಿದ್ದರೆ ಅದನ್ನು ಕತ್ತರಿಸುವ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಅಮೆರಿಕದ ಗುಲಾಮರು ತಮ್ಮ ಹಾಡುಗಳಿಗೆ ಆರಿಸಿಕೊಂಡದ್ದೂ ಮೋಶೆಯನ್ನು, ಫರೋಹನನ್ನು, ಯೊರ್ದನ್ ನದಿಯನ್ನು. ಇದ್ದದ್ದು ಸರಿಯಾಗಿದೆ ಎಂದು ಒಪ್ಪಿಕೊಂಡವನ ಸಂತೋಷ ಬೇರೆ, ಇದ್ದದ್ದೆಲ್ಲ ಹೋದರೂ ನೀನು ನನ್ನನ್ನು ಕೊಳ್ಳಲಾರೆ ಎಂದವನ ಸಂತೋಷ ಬೇರೆ. ಎರಡನೆಯವನನ್ನು ಹೆದರಿಸುವುದು ಕಷ್ಟ.

ನಮ್ಮ ನಾಡಿನಲ್ಲಿ ಕೇಳಿಬರುವ ಆಕ್ಷೇಪ ಇನ್ನೊಂದು. ಬರದ ಕಾಲದಲ್ಲಿ ಮಿಷನ್ನುಗಳ ಗಂಜಿಗಾಗಿ, ಅನಾಥಾಲಯದ ಆಸರೆಗಾಗಿ ಕ್ರೈಸ್ತರಾದವರಿದ್ದಾರೆ, ಅವರ ನಂಬಿಕೆ ಹೊಟ್ಟೆಯದು ಎಂಬ ಮಾತು. ಹಾಗೆ ಬಂದವರು ಇದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಹಸಿದವನು ಅನ್ನವಿದ್ದ ಕಡೆಗೆ ನಡೆದದ್ದು ಅಪರಾಧವಲ್ಲ, ಅನ್ನ ಕೊಟ್ಟದ್ದೂ ಅಪರಾಧವಲ್ಲ. ಅನ್ನಕ್ಕೆ ನಂಬಿಕೆಯನ್ನು ಬೆಲೆಯಾಗಿ ಕೇಳಿದ್ದರೆ ಮಾತ್ರ ಅಪರಾಧ, ಅದು ಹಬಕ್ಕೂಕನ ಎದುರೇ ಮಾಡಿದ ಅಪರಾಧ, ಏಕೆಂದರೆ ಅವನ ವಚನ ನಂಬಿಕೆಯನ್ನು ಅನ್ನದಿಂದ ಬಿಡಿಸುವುದಕ್ಕೇ ಇದೆ. ಒಬ್ಬನು ಯಾವ ಬಾಗಿಲಿನಿಂದ ಒಳಬಂದ ಎಂಬುದರಿಂದ ಅವನ ಮೊಮ್ಮಕ್ಕಳ ವಿಶ್ವಾಸದ ತೂಕ ನಿರ್ಧರಿಸುವುದು ನ್ಯಾಯವಲ್ಲ.

ಕ್ರೈಸ್ತರಲ್ಲದವರೂ ಕಷ್ಟದಲ್ಲಿ ಸ್ಥಿರವಾಗಿ ನಿಂತಿಲ್ಲವೇ ಎಂದರೆ ಖಂಡಿತ ನಿಂತಿದ್ದಾರೆ. ಈ ವಚನವೂ ಮೂಲದಲ್ಲಿ ಯೆಹೂದ್ಯರದು. ಇಂದಿಗೂ ಶಾವುಓತ್ ಹಬ್ಬದ ಎರಡನೆಯ ದಿನ ಇಸ್ರೇಲಿನ ಹೊರಗಿನ ಅವರ ಪ್ರಾರ್ಥನಾಮಂದಿರಗಳಲ್ಲಿ ಹಬಕ್ಕೂಕನ ಮೂರನೆಯ ಅಧ್ಯಾಯವನ್ನು ಓದುತ್ತಾರೆ. ಹೊರಗಿನದೇನೂ ನನ್ನದಲ್ಲ, ಹೋದರೆ ಹೋಯಿತು ಎಂದ ಸ್ಟೋಯಿಕ್ ತತ್ತ್ವಜ್ಞಾನಿಗಳೂ ಅಲುಗದೆ ನಿಂತವರೇ. ಆದರೆ ಹಬಕ್ಕೂಕ ಹಾಗೆನ್ನುವುದಿಲ್ಲ. ಅಂಜೂರ ಒಳ್ಳೆಯದು, ದನ ಬೇಕು, ಹೋದದ್ದು ನಿಜವಾಗಿಯೂ ನಷ್ಟ ಎನ್ನುತ್ತಾನೆ. ಕ್ರೈಸ್ತನು ಇದನ್ನು ಶಿಲುಬೆಯ ಈಚೆಗೆ ನಿಂತು ಓದುತ್ತಾನೆ. ಯೇಸು ಬಂಧನಕ್ಕೆ ಮುಂಚೆ ಗೆತ್ಸೇಮನೆಯಲ್ಲಿ, ಸಂಕಟದ ಈ ಪಾತ್ರೆ ತನ್ನಿಂದ ದೂರವಾಗಲಿ ಎಂದು ಬೇಡಿದನು, ದೂರವಾಗಲಿಲ್ಲ. ಶಿಲುಬೆಯ ಮೇಲೆ 22ನೆಯ ಕೀರ್ತನೆಯ ದೂರನ್ನೇ ಕೂಗಿದನು. ಪೌಲನು ತನ್ನ ಶರೀರದ ಮುಳ್ಳನ್ನು ತೆಗೆಯೆಂದು ಮೂರು ಸಲ ಬೇಡಿಕೊಂಡನು, ತೆಗೆಯಲಿಲ್ಲ. ಕೃಪೆ ಸಾಕು ಎಂಬ ಉತ್ತರ ಬಂತು. ಹೀಗಾಗಿ ಕ್ರೈಸ್ತನ ಭರವಸೆ, ದೇವರು ನನ್ನನ್ನು ನೋವಿನಿಂದ ಹೊರಗಿಟ್ಟಿದ್ದಾನೆ ಎಂಬುದಲ್ಲ, ನೋವಿನೊಳಗೆ ನನಗಿಂತ ಮೊದಲೇ ಇಳಿದವನು ಎಂಬುದು. ಪುನರುತ್ಥಾನದ ನಿರೀಕ್ಷೆಯೂ ಈ ದಾರಿಯಲ್ಲೇ ಬರುತ್ತದೆ, ಶಿಲುಬೆಯ ಶುಕ್ರವಾರವನ್ನು ಹಾರಿ ಬರುವುದಿಲ್ಲ. ಇದನ್ನು ಹೊರಗಿನವರಿಗೆ ರುಜುವಾತು ಮಾಡಿ ತೋರಿಸುವುದು ನನ್ನಿಂದಾಗದು. ನಂಬುವವರ ಬದುಕಿನಲ್ಲಿ ಅದು ಮಾಡುವ ಕೆಲಸ ಏನೆಂದು ಹೇಳಬಲ್ಲೆ. ದೂರಲು ಅವರಿಗೆ ಒಬ್ಬನು ಸಿಗುತ್ತಾನೆ, ದೂರಿದ ಮೇಲೂ ಅವನು ಎದ್ದು ಹೋಗುವುದಿಲ್ಲ.

ಸಂತೋಷಪಡಲು ಆಗದೆ ಇರುವವರ ಬಗ್ಗೆಯೂ ಒಂದು ಮಾತು ಬೇಕು. ಖಿನ್ನತೆ ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ, ಮದ್ದಿದೆ, ವಚನವನ್ನು ಆ ಮದ್ದಿನ ಬದಲಿಗೆ ಇಡಬಾರದು. ಸಾಯಬೇಕೆಂದು ಮರದಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ, ನೀರು. ಪ್ರಶ್ನೆ, ಉಪದೇಶಗಳೆಲ್ಲ ಬಹಳ ದಿನದ ನಂತರದವು. ಹಬಕ್ಕೂಕನ ಹಾಡಿನ ಕಟ್ಟಕಡೆಯ ಸಾಲೂ ಇಲ್ಲಿ ನೆರವಿಗೆ ಬರುತ್ತದೆ. ಅದು ಪ್ರಾರ್ಥನೆಯ ಭಾಗವಲ್ಲ, ತಂತಿವಾದ್ಯಗಳೊಡನೆ ಹಾಡಲು ಗಾಯಕರ ಮುಖ್ಯಸ್ಥನಿಗೆ ಒಪ್ಪಿಸಿದ ಸೂಚನೆ. ಒಬ್ಬನೇ ಹೇಳಲಾಗದ್ದನ್ನು ಸಭೆ ಹೇಳಲಿ ಎಂಬ ಏರ್ಪಾಡು ಅದು. ದನಿ ಎತ್ತಲಾಗದವನು ನಡುವೆ ಸುಮ್ಮನೆ ನಿಂತಿರಬಹುದು, ಪಕ್ಕದವರು ಹಾಡುತ್ತಾರೆ. ಮುಂದಿನ ವರ್ಷ ಅವರ ಸರದಿ ಬಂದಾಗ ಇವನು ಹಾಡುತ್ತಾನೆ. ಹೀಗೆ ಹಂಚಿಕೊಂಡಾಗಲೇ ಆ ವಚನದ ಭಾರವನ್ನು ಹೊರಲು ಸಾಧ್ಯ. ಒಬ್ಬಂಟಿಯಾದ ದುಃಖಿತನ ತಲೆಯ ಮೇಲೆ ಅದನ್ನು ಇಟ್ಟು ಹೊರು ಎನ್ನುವುದು ಸಭೆಯ ಕೆಲಸವಲ್ಲ.

ಆದ್ದರಿಂದ ಸಭಾಪಾಲಕರಲ್ಲಿ, ಸಾವಿನ ಮನೆಗೆ ಸಾಂತ್ವನ ಹೇಳಲು ಹೋಗುವ ಎಲ್ಲ ವಿಶ್ವಾಸಿಗಳಲ್ಲಿ ಒಂದು ಕೋರಿಕೆ. ಹಬಕ್ಕೂಕನ ಗ್ರಂಥದಲ್ಲಿರುವುದು ಮೂರೇ ಅಧ್ಯಾಯ, 56 ವಚನ. ಓದಲು ಕಾಲು ಗಂಟೆ ಸಾಕು. ಅಂಜೂರದ ವಚನವನ್ನು ಇನ್ನೊಬ್ಬರ ದುಃಖದ ಮುಂದೆ ಹೇಳುವ ಮೊದಲು ಮೊದಲನೆಯ ಅಧ್ಯಾಯವನ್ನು ಅವರ ಜೊತೆ ಕೂತು ಓದಿ. ಅವರು ದೇವರನ್ನು ಬೈದರೆ ತಡೆಯಬೇಡಿ.